ಮನೆಯಲ್ಲಿ ಎಲ್ಲ ಶಾಂತ

ಜನವರಿ 18

ಮಗಳೇ,

ನಿನ್ನ ಕಾಗದ ತಲುಪಿತು. ಮೊದಲ ಪುಟ ಚೆನ್ನಾಗಿದೆ. ಎರಡನೆಯದರಲ್ಲಿ ಸಾಲುಗಳು ಬಲಕ್ಕೆ ಹೋಗುತ್ತಾ ಮೇಲೇರಿವೆ. ಮೂರನೆಯದರಲ್ಲಿ ಪೆನ್ನನ್ನು ಎಷ್ಟು ಒತ್ತಿದ್ದೀಯೆಂದರೆ, ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿಯೇ ಓದಬಹುದು. ಏನು ಬರೆದಿದ್ದೀಯೆಂದು ಆಮೇಲೆ ನೋಡಿದೆ. ಮ್ಯಾನೇಜರನ ವಿಷಯ, ಹೊಸ ಮಷಿನ್ನಿನ ವಿಷಯ. ಸರಿ. ನಿದ್ದೆ ಬರುತ್ತಿದೆಯಾ?

ಹೀಗೆ ಕೇಳಿದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಜೀವನವೆಲ್ಲ ಅಂಗಡಿ ಬೋರ್ಡು ಬರೆದವನಿಗೆ ಅಕ್ಷರ ಕಣ್ಣಿಗೆ ಬೀಳದೆ ಇರುವುದಿಲ್ಲ. ನಿನ್ನ ಅಮ್ಮನಿಗೆ ಮೊದಲ ಸಲ ಕಾಯಿಲೆ ಬಂದಾಗ ಯಾರಿಗೂ ಅದು ಕಾಯಿಲೆ ಅನ್ನಿಸಲಿಲ್ಲ. ಎಷ್ಟು ಚುರುಕಾಗಿದ್ದಾಳೆ, ಎಷ್ಟು ನಗುತ್ತಾಳೆ ಎಂದು ನೆಂಟರೆಲ್ಲ ಹೊಗಳಿದರು. ನಾನು ಪೇಂಟು ತರಲು ಹೋಗಿ ಬರುವಷ್ಟರಲ್ಲಿ ನನ್ನ ಅರ್ಧ ಬರೆದ ಬೋರ್ಡುಗಳನ್ನೆಲ್ಲ ಅವಳೇ ಮುಗಿಸಿಟ್ಟಿದ್ದಳು. ಕ್ಷೌರದಂಗಡಿಯ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ 'ಎಲ್ಲರಿಗೂ ಉಚಿತ' ಎಂದು ಬರೆದಿದ್ದಳು. ಅಕ್ಷರಗಳು ಹಲಗೆ ಬಿಟ್ಟು ಹಾರಿಹೋಗುವ ಹಾಗೆ ಮೇಲಕ್ಕೆ ವಾಲಿದ್ದವು. ಆ ಹೊತ್ತಿನಲ್ಲೂ ಮಾತು ಮಾತ್ರ ಸರಿಯಾಗಿಯೇ ಇತ್ತು. ಅಂದಿನಿಂದ ನಾನು ಮಾತನ್ನು ನಂಬುವುದನ್ನು ಬಿಟ್ಟೆ. ಫೋನಿನಲ್ಲಂತೂ ಯಾರು ಬೇಕಾದರೂ ಚೆನ್ನಾಗಿರಬಹುದು. ನಿನಗೆ ಫೋನು ಬೇಡ, ಕಾಗದ ಬರಿ ಅನ್ನುವುದು ಅದಕ್ಕೇ.

ಅಮ್ಮ ಚೆನ್ನಾಗಿದ್ದಾಳೆ. ಮಾತ್ರೆ ನುಂಗುತ್ತಾಳೆ, ಉಣ್ಣುತ್ತಾಳೆ, ಕಿಟಕಿಯ ಹತ್ತಿರ ಕೂರುತ್ತಾಳೆ. ಮನೆಯಲ್ಲಿ ಎಲ್ಲ ಶಾಂತ.

ನನಗೊಂದು ದೊಡ್ಡ ಕೆಲಸ ಸಿಕ್ಕಿದೆ. ರೈಲು ನಿಲ್ದಾಣದ ಹಿಂದಿನ ಶೀತಲಗೃಹದ ಗೋಡೆ. ಸಾರುವೆ ಕಟ್ಟಿ, ಹಲಗೆಯ ಮೇಲೆ ನಿಂತು ಬರೆಯಬೇಕು. ಒಂದೊಂದು ಅಕ್ಷರವೂ ನನಗಿಂತ ಎತ್ತರ. ಈ ವಯಸ್ಸಿನಲ್ಲಿ ಬೇಕಾ ಅಂತ ಕೇಳಬೇಡ.

ಮುಂದಿನ ಕಾಗದವನ್ನು ಮೇಜಿನ ಮೇಲಿಟ್ಟು ಬರಿ.

ನಿನ್ನ ಅಪ್ಪ


ಜನವರಿ 31

ಅಪ್ಪಾ,

ಎರಡನೆಯ ಪುಟವನ್ನು ಲಾಂಡ್ರಿಯ ವ್ಯಾನಿನಲ್ಲಿ ಕೂತು, ತೊಡೆಯ ಮೇಲಿಟ್ಟುಕೊಂಡು ಬರೆದೆ. ರಸ್ತೆ ಏರಿತು, ಸಾಲೂ ಏರಿತು. ಮೂರನೆಯದರಲ್ಲಿ ಪೆನ್ನು ಕೈಕೊಟ್ಟಿತು, ಅದಕ್ಕೆ ಒತ್ತಿದೆ. ನಿಮ್ಮ ಪತ್ತೇದಾರಿಕೆಗೆ ಇದಕ್ಕಿಂತ ರೋಚಕವಾದ ಉತ್ತರ ನನ್ನಲ್ಲಿಲ್ಲ.

ಈಗ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೇನೆ. ನೋಡಿಕೊಳ್ಳಿ.

ಇಲ್ಲಿ ಹೊಸದೇನಿಲ್ಲ. ಹೋಟೆಲುಗಳಿಂದ ಬೆಡ್‌ಶೀಟುಗಳು ಬರುತ್ತವೆ, ನಾವು ಒಗೆದು, ರೋಲರಿನೊಳಗೆ ತೂರಿಸಿ, ಮಡಚಿ ಕಳಿಸುತ್ತೇವೆ. ದೊಡ್ಡ ಶೀಟನ್ನು ಒಬ್ಬಳೇ ಮಡಚಲು ಆಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು, ಒಂದೇ ಸಲಕ್ಕೆ ಕೊಡವಬೇಕು. ಆಮೇಲೆ ಹತ್ತಿರ ಬಂದು ತುದಿಗೆ ತುದಿ ಸೇರಿಸಿ ಮತ್ತೆ ದೂರ ಹೋಗಬೇಕು. ನನ್ನ ಎದುರಿಗೆ ನಿಲ್ಲುವುದು ನಾವೆಲ್ಲ ದೊಡ್ಡಕ್ಕ ಎಂದು ಕರೆಯುವ ಹೆಂಗಸು. ಇಡೀ ದಿನ ಒಬ್ಬರ ಮುಖವನ್ನೊಬ್ಬರು ನೋಡುತ್ತಲೇ ಇರಬೇಕಾದ್ದರಿಂದ ಇಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲಾಗದು. ಮ್ಯಾನೇಜರಿಗೆ ಹುಡುಗಿಯರು 'ಸುಕ್ಕು' ಎಂದು ಹೆಸರಿಟ್ಟಿದ್ದಾರೆ. ಇಸ್ತ್ರಿಯ ಕಾರ್ಖಾನೆ ನಡೆಸುವವನ ಅಂಗಿಯನ್ನು ನೀವು ಒಮ್ಮೆ ನೋಡಬೇಕು.

ನನಗೆ ಏನೂ ಆಗಿಲ್ಲ. ಅಮ್ಮನಿಗೆ ಹೇಳಿ. ಗೋಡೆಯ ಮೇಲೆ ಜೋಪಾನ.

ನಿಮ್ಮ ಮಗಳು


ಫೆಬ್ರವರಿ 22

ಅಪ್ಪಾ,

ಈ ಕಾಗದದ ಅಕ್ಷರ ನೋಡಬೇಡಿ ಅನ್ನುವುದಿಲ್ಲ. ನೋಡಿ. ನೋಡಿಯಾದ ಮೇಲೆ ಒಂದು ಸಲ ಓದಿ.

ಆಗಿದೆ. ಏನೂ ಆಗಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು.

ನಮ್ಮ ವ್ಯಾನ್ ಓಡಿಸುವವನೊಬ್ಬನಿದ್ದ. ಇದ್ದ ಅಂದರೆ ಈಗಲೂ ಇದ್ದಾನೆ, ಬೇರೆ ದಾರಿಯಲ್ಲಿ ಓಡಿಸುತ್ತಾನೆ. ಮೂರು ವರ್ಷ ನಾವು ಜೊತೆಗಿದ್ದೆವು. ಒಂದೇ ಮನೆಯಲ್ಲಲ್ಲ. ರಜೆಯ ದಿನಗಳಲ್ಲಿ, ಊಟದ ಹೊತ್ತಿನಲ್ಲಿ, ಅವನ ವ್ಯಾನಿನ ಮುಂದಿನ ಸೀಟಿನಲ್ಲಿ. ಡಿಸೆಂಬರಿನಲ್ಲಿ ಒಂದು ಸಂಜೆ, ಟ್ರಾಲಿ ಇಳಿಸುತ್ತಾ ಹೇಳಿದ, "ನಾನು ಬೇರೆ ರೂಟು ಕೇಳಿದೀನಿ."

"ಯಾಕೆ?"

"ಯಾಕೂ ಇಲ್ಲ. ಹಾಗೇ."

"ನನ್ನಿಂದಾನಾ?"

"ನೋಡು, ಹೀಗೆ ಕೇಳ್ತೀಯಲ್ಲ, ಅದಕ್ಕೇ."

ಅಷ್ಟೇ. ಬಸ್ಸಿನ ವೇಳೆ ಬದಲಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿ ಹೋದ. ಮೂವತ್ತೆಂಟು ವರ್ಷದವಳು ಬಟ್ಟೆಯ ಗೋದಾಮಿನಲ್ಲಿ ನಿಂತು, ಯಾರದೋ ದಿಂಬಿನ ಚೀಲ ಬಾಯಿಗೆ ಒತ್ತಿಕೊಂಡು ಅಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ದೊಡ್ಡಕ್ಕ ಕೇಳಿದಳು, "ಏನೇ, ಕಣ್ಣು ಕೆಂಪಗಿದೆ?"

"ಉಗಿ ಅಕ್ಕಾ."

"ಉಗಿ ನನಗೂ ತಾಗುತ್ತೆ. ನನ್ನ ಕಣ್ಣು ನೋಡು, ಬೇಯಿಸಿದ ಮೊಟ್ಟೆ ಇದ್ದ ಹಾಗಿದೆ."

ನಾನು ಬರೆಯಲು ಕೂತದ್ದು ಅವನ ಬಗ್ಗೆ ಅಲ್ಲ. ಅಳುವುದು ಒಂದು ಕಡೆ. ಅಳುತ್ತಿರುವವಳನ್ನು ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿರುವ ಇನ್ನೊಬ್ಬಳು ಇನ್ನೊಂದು ಕಡೆ. ಅವಳು ಕೇಳುತ್ತಾಳೆ: ಇದು ದುಃಖವೋ, ಶುರುವೋ? ನಿದ್ದೆ ಕಡಿಮೆಯಾಗಿದೆ. ಒಂದು ದಿನ ಮಡಚಿದ ಶೀಟುಗಳ ಟ್ರಾಲಿಯನ್ನೇ ಒದ್ದು ಉರುಳಿಸಿದೆ. ಆದರೆ ಅದಕ್ಕಿಂತ ಹೆದರಿಸಿದ್ದು ಬೇರೆ. ಮೊನ್ನೆ ಸುಕ್ಕು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಬೆಲೆ ಚೀಟಿ ಕಾಲರಿಗೆ ಹಾಗೇ ನೇತಾಡುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವಿನ ನಡುವೆಯೇ ನೆನಪಾಯಿತು. ಅಮ್ಮನೂ ಹೀಗೇ ಅಲ್ಲವೇ ನಗಲು ಶುರು ಮಾಡಿದ್ದು? ಅತ್ತರೂ ಅನುಮಾನ, ನಕ್ಕರೂ ಅನುಮಾನ. ನನ್ನ ಹಳೆಯ ಬರಹ ತೆಗೆದು ಹೊಸದರ ಪಕ್ಕದಲ್ಲಿಟ್ಟು ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಕಣ್ಣು ನನಗಿಲ್ಲ. ಅದಕ್ಕೆ ಕೇಳುತ್ತಿದ್ದೇನೆ. ಇದು ಅದೇನಾ?

ನಿಮ್ಮ ಮಗಳು


ಮಾರ್ಚ್ 6

ಮಗಳೇ,

ನೋಡಿದೆ. ಎರಡನೆಯ ಪುಟದ ನಡುವಿನಿಂದ ಅಕ್ಷರಗಳ ನಡುವೆ ಜಾಗ ಕಡಿಮೆಯಾಗಿದೆ. ಒಂದರ ಮೇಲೊಂದು ಬೀಳುತ್ತಿವೆ. ಖಚಿತವಾಗಿ ಹೇಳಲಾರೆ, ಆದರೆ ತಡ ಮಾಡುವುದು ಬೇಡ. ಬಂದುಬಿಡು. ಅಮ್ಮನ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ರಜೆ ಕೇಳು, ಕೊಡದಿದ್ದರೆ ಕೆಲಸ ಬಿಡು. ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ಬೆನ್ನುನೋವು ಅನ್ನು.

ಗಾಬರಿಯಾಗಬೇಡ. ಮೊದಲೇ ತಿಳಿದರೆ ಸುಲಭ. ಅಮ್ಮನಿಗೆ ನಾವು ತಡ ಮಾಡಿದೆವು.

ಅವಳಿಗೆ ಈ ವಿಷಯ ಹೇಳಿಲ್ಲ. ಸುಮ್ಮನಿದ್ದಾಳೆ, ಹಾಗೇ ಇರಲಿ. ಮನೆಯಲ್ಲಿ ಎಲ್ಲ ಶಾಂತ.

ಗೋಡೆಯ ಕೆಲಸ ನಿಧಾನ. ಬೆಳಿಗ್ಗೆ ಹತ್ತಿದರೆ ಮೊದಲ ಗೆರೆ ಎಳೆಯುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ನಡುವೆ ಏನು ಮಾಡಿದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಮೇಲೆ ಕೂರುವುದು ಒಳ್ಳೆಯದೇ, ಯಾರೂ ಮಾತಾಡಿಸುವುದಿಲ್ಲ. ಮೊದಲೆಲ್ಲ ಎತ್ತರ ಏರಿದರೆ ಮಂಡಿಗೆ ಗೊತ್ತಾಗುತ್ತಿತ್ತು. ಈಗ ಎತ್ತರ ಎತ್ತರ ಅನ್ನಿಸುವುದೇ ಇಲ್ಲ. ಅಭ್ಯಾಸ ಇರಬೇಕು.

ಬರುವ ದಿನ ತಿಳಿಸು.

ನಿನ್ನ ಅಪ್ಪ


ಮಾರ್ಚ್ 25

ಅಪ್ಪಾ,

ಬರುವುದಿಲ್ಲ. ಹಟಕ್ಕಲ್ಲ, ಕಾರಣ ಕೇಳಿ.

ಇಲ್ಲಿಯೇ ಒಬ್ಬ ಡಾಕ್ಟರನ್ನು ನೋಡಿ ಬಂದೆ. ನನ್ನ ವಯಸ್ಸಿನ ಹೆಂಗಸು. ಅಮ್ಮನ ವಿಷಯ ಮೊದಲೇ ಹೇಳಿದೆ, ಹೋಗಿ ಕೂತ ತಕ್ಷಣ. ಕೇಳಿ ಅವರು ಹೆದರಿ ಎದ್ದು ಹೋಗುತ್ತಾರೆ ಎಂಬಂತೆ. ಅವರು ಬರೆದುಕೊಂಡು, "ಸರಿ. ಈಗ ನಿಮ್ಮ ವಿಷಯ ಹೇಳಿ" ಅಂದರು. ಹೇಳಿದೆ. ಕೆಲಸಕ್ಕೆ ಹೋಗ್ತಿದೀರಾ, ಹಸಿವಾಗುತ್ತಾ, ಎಷ್ಟು ನಿದ್ದೆ ಬರುತ್ತೆ, ಅತ್ತಾದ ಮೇಲೆ ಹಗುರಾಗುತ್ತಾ, ಇಷ್ಟವಾದದ್ದು ಈಗಲೂ ಇಷ್ಟವಾಗುತ್ತಾ, ಸಾಯಬೇಕು ಅಂತ ಅನ್ನಿಸಿದೆಯಾ. ಒಂದೊಂದನ್ನೂ ತರಕಾರಿಯ ಬೆಲೆ ಕೇಳುವವರ ಹಾಗೆ, ಯಾವ ರಾಗವೂ ಇಲ್ಲದೆ ಕೇಳಿದರು. ಸುಕ್ಕುವಿನ ಅಂಗಿಯ ವಿಷಯ ಹೇಳಿದಾಗ ಅವರೂ ನಕ್ಕರು.

ಕೊನೆಗೆ ಹೇಳಿದರು, "ನಿಮಗೆ ತುಂಬಾ ನೋವಾಗಿದೆ. ಸದ್ಯಕ್ಕೆ ಇದನ್ನ ಕಾಯಿಲೆ ಅಂತ ನಾನು ಕರೆಯಲ್ಲ. ಒಂದು ತಿಂಗಳು ಬಿಟ್ಟು ಬನ್ನಿ. ಅಷ್ಟರೊಳಗೆ ನಿದ್ದೆ ಪೂರ್ತಿ ಹೋದರೆ, ಕೆಲಸ ಮಾಡೋಕೇ ಆಗದೆ ಹೋದರೆ, ತಿಂಗಳು ಕಾಯಬೇಡಿ."

"ಮಾತ್ರೆ?"

"ಯಾತಕ್ಕೆ? ಅವನು ಹೋದದ್ದಕ್ಕಾ?"

ಖುಷಿಪಡಬೇಕಿತ್ತು. ಆದರೆ, ಹೇಳಿದರೆ ನಂಬುತ್ತೀರೋ ಇಲ್ಲವೋ, ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದ ಹಾಗಾಯಿತು. ಕಾಯಿಲೆಯಾಗಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು, ಹೊತ್ತು ಹೊತ್ತಿಗೆ ಒಂದು ಮಾತ್ರೆ ಇರುತ್ತಿತ್ತು, ನೀವು ಇರುತ್ತಿದ್ದಿರಿ. ಇದಕ್ಕೆ ಏನಿದೆ? ಒಬ್ಬ ಗಂಡಸಿಗೆ ನಾನು ಬೇಡವಾದೆ. ಇದನ್ನು ಎಲ್ಲಿಗೆ ತೆಗೆದುಕೊಂಡು ಹೋಗಲಿ? ಮನೆಗೆ ಬರುವ ದಾರಿಯಲ್ಲಿ ಇದು ನನ್ನದೇ, ಅಮ್ಮನಿಂದ ಬಂದದ್ದಲ್ಲ ಎಂದು ಯೋಚಿಸಿ ಮತ್ತೆ ಅತ್ತೆ. ಈ ಸಲ ಬಾಗಿಲ ಸಂದಿಯಲ್ಲಿ ಯಾರೂ ನಿಂತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹಸಿವಾಯಿತು.

ಅಪ್ಪಾ, ಇನ್ನೊಂದು ಮಾತು. ಇಷ್ಟು ಬರೆದೆ. ಅವನು ಎಂಥವನು, ಏನು ಮಾತಾಡುತ್ತಿದ್ದ, ನನಗೆ ಯಾಕೆ ಬೇಕಾಗಿದ್ದ ಎಂದು ನೀವು ಒಂದು ಸಲವೂ ಕೇಳಲಿಲ್ಲ. ಅಕ್ಷರಗಳ ನಡುವಿನ ಜಾಗ ಅಳೆದಿರಿ.

ನಿಮ್ಮ ಮಗಳು


ಏಪ್ರಿಲ್ 10

ಮಗಳೇ,

ಡಾಕ್ಟರು ಹೇಳಿದ್ದರೆ ಸರಿ. ನಿನ್ನ ಈ ಕಾಗದದ ಸಾಲುಗಳು ನೆಟ್ಟಗಿವೆ.

ಗೋಡೆಯಲ್ಲಿ ಇನ್ನೆರಡು ಅಕ್ಷರ ಬಾಕಿ. ಅವಸರವಿಲ್ಲ. ಇತ್ತೀಚೆಗೆ ಚಹಾ ಕುಡಿಯಬೇಕು ಅನ್ನಿಸುವುದಿಲ್ಲ, ಬಿಟ್ಟಿದ್ದೇನೆ. ಬೇರೆ ಬರೆಯುವಂಥದ್ದು ಏನೂ ಇಲ್ಲ. ಅಮ್ಮ ಚೆನ್ನಾಗಿದ್ದಾಳೆ. ನೀನೂ ಚೆನ್ನಾಗಿರು. ಎಲ್ಲರೂ ಚೆನ್ನಾಗಿರುವ ಕಾಲ ಬಂದ ಹಾಗಿದೆ, ಇನ್ನು ನನ್ನ ಕೆಲಸ ಏನೂ ಇಲ್ಲ.

ಮನೆಯಲ್ಲಿ ಎಲ್ಲ ಶಾಂತ.

ನಿನ್ನ ಅಪ್ಪ


ಏಪ್ರಿಲ್ 21

ನನ್ನ ಮರಿ,

ಕಾಗದದ ಮೇಲಿನ ಬರಹ ನೋಡಿ ಹೆದರಬೇಡ. ನನ್ನ ಅಕ್ಷರ ಮೊದಲಿಂದಲೂ ದೊಡ್ಡದು, ವಾಲಿದ್ದು. ಶಾಲೆಯಲ್ಲೂ ಬೈಸಿಕೊಂಡಿದ್ದೇನೆ. ಅದು ಕಾಯಿಲೆಯಲ್ಲ, ನಾನು. ನಿಮ್ಮಪ್ಪನಿಗೆ ಇದನ್ನು ಹೇಳಿ ಹೇಳಿ ಸಾಕಾಗಿ ಕಾಗದ ಬರೆಯುವುದನ್ನೇ ಬಿಟ್ಟಿದ್ದೆ. ಕೆಳಗಿನ ಸೈಕಲ್ ಅಂಗಡಿಯವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನೂ ಉತ್ತರವನ್ನು ಅವರ ಅಂಗಡಿಗೇ ಬರಿ.

ನಿನ್ನ ಕಾಗದಗಳನ್ನೆಲ್ಲ ಓದಿದೆ. ಅವರು ಮಡಚಿ ಡಬ್ಬಿಯಲ್ಲಿಡುತ್ತಾರೆ, ಬೀಗ ಹಾಕಲ್ಲ. ನೀನು ಅತ್ತಿದ್ದನ್ನು ಓದಿ ನಾನೂ ಅತ್ತೆ, ಆ ಡ್ರೈವರನ ವಂಶಕ್ಕೆ ಶಾಪ ಹಾಕಿದೆ, ಆಮೇಲೆ ಬೆಲೆ ಚೀಟಿಯ ವಿಷಯಕ್ಕೆ ಬಿದ್ದು ಬಿದ್ದು ನಕ್ಕೆ. ನಿನ್ನ ಡಾಕ್ಟರು ಹೇಳಿದ್ದು ನನಗೆ ಸರಿ ಕಾಣುತ್ತೆ. ನನ್ನ ಮನಸ್ಸು ಕೆಳಗೆ ಬಿದ್ದಿದ್ದ ದಿನಗಳಲ್ಲಿ ಯಾರಾದರೂ ನಗೆಮಾತು ಹೇಳಿದರೆ, ಪಕ್ಕದ ಮನೆಯವರ ಪಾರ್ಸಲ್ಲು ನಮ್ಮ ಮನೆಗೆ ಬಂದ ಹಾಗಿರುತ್ತಿತ್ತು. ತೆರೆಯೋಕೂ ಇಷ್ಟವಿಲ್ಲ, ವಾಪಸ್ಸು ಕೊಡೋಕೂ ಶಕ್ತಿಯಿಲ್ಲ. ಅಳು ಕೂಡ ಬರುತ್ತಿರಲಿಲ್ಲ ಮರಿ. ಎಲ್ಲರಿಗೂ ಹೀಗೇ ಅಂತಲ್ಲ. ನನಗೆ ಹಾಗಿತ್ತು. ನಿನ್ನನ್ನು ನೋಡಿದರೆ ಕೂಡ ಏನೂ ಅನ್ನಿಸುತ್ತಿರಲಿಲ್ಲ. ನಿನ್ನನ್ನೇ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮಪ್ಪ ಚೆನ್ನಾಗಿಲ್ಲ.

ತಟ್ಟೆ ಮುಂದಿಟ್ಟರೆ ನೋಡುತ್ತಾ ಕೂರುತ್ತಾರೆ. ಮೈ ಇಳಿದಿದೆ, ಬೆಲ್ಟಿಗೆ ಹೊಸ ತೂತು ಹಾಕಿಕೊಂಡಿದ್ದಾರೆ. ಬೆಳಕು ಹರಿಯುವ ಮುಂಚೆಯೇ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತಿರುತ್ತಾರೆ, ಚಪ್ಪಲಿಯ ಕಡೆ ನೋಡುತ್ತಾ. ಬ್ರಷ್ಷು ತೊಳೆಯದೆ ಬಿಟ್ಟು ಕೂದಲೆಲ್ಲ ಕಲ್ಲಾಗಿದೆ. ಮದುವೆಯಾದಾಗಿನಿಂದ ಆ ಮನುಷ್ಯ ಬ್ರಷ್ಷು ತೊಳೆಯದೆ ಮಲಗಿದ್ದನ್ನು ನಾನು ಕಂಡಿಲ್ಲ, ನನ್ನನ್ನು ಆಸ್ಪತ್ರೆಗೆ ಸೇರಿಸಿ ಬಂದ ದಿನವೂ ತೊಳೆದಿದ್ದರಂತೆ. "ಏನಾಗಿದೆ ನಿಮಗೆ?" ಅಂದರೆ, "ನನಗೇನು, ನೀನು ಮಾತ್ರೆ ತಗೊಂಡ್ಯಾ?" ಅಂತಾರೆ. ಫೋನು ಮಾಡಿದರೆ ನಿನಗೂ ಅದನ್ನೇ ಹೇಳುತ್ತಾರೆ, ಒಳ್ಳೆ ದನಿಯಲ್ಲಿ.

ಅವರಿಗೆ ಗೊತ್ತಿರುವುದು ಒಂದೇ ಕಾಯಿಲೆ, ನನ್ನದು. ಅದರಲ್ಲೂ ಅರ್ಧ. ನಾನು ಮೇಲೇರಿದಾಗ ಊರೆಲ್ಲ ಓಡಾಡಿ ಡಾಕ್ಟರನ್ನು ಕರೆತರುತ್ತಿದ್ದರು. ಕೆಳಗೆ ಬಿದ್ದು ಗೋಡೆಗೆ ಮುಖ ಮಾಡಿ ಮಲಗಿದಾಗ, ಸದ್ಯ ಶಾಂತವಾದಳು ಅಂತ ನಿಟ್ಟುಸಿರು ಬಿಡುತ್ತಿದ್ದರು. ಈಗ ತಾವೂ ಹಾಗೇ ಸುಮ್ಮನಾಗಿದ್ದಾರೆ. ಸುಮ್ಮನಿರುವವರಿಗೆ ಏನೂ ಆಗಿಲ್ಲ ಅಂತ ಅವರ ಲೆಕ್ಕ.

ಸಾರುವೆ ಹತ್ತುವುದನ್ನು ಬಿಡಿಸಬೇಕಿತ್ತು. ನಿನಗೂ ಬರೆದಿರಬಹುದು, ಎತ್ತರ ಎತ್ತರ ಅನ್ನಿಸಲ್ಲ ಅಂತ. ಅದನ್ನು ನನಗೂ ಒಂದು ಸಲ ಹೇಳಿದರು. ಬೇಡ ಅಂದೆ, ಕೇಳಲಿಲ್ಲ. ಅದಕ್ಕೆ ಮೊನ್ನೆ ಒಂದು ನಾಟಕ ಆಡಿದೆ. ಬೆಳಿಗ್ಗೆ ಎದ್ದವಳೇ ಗಟ್ಟಿಯಾಗಿ ಹಾಡು ಹೇಳಿದೆ. ಕಪಾಟಿನ ಪಾತ್ರೆಯೆಲ್ಲ ಇಳಿಸಿ ನೆಲದ ತುಂಬಾ ಹರಡಿದೆ. ಸೈಕಲ್ ಅಂಗಡಿಯವರಿಗೆ ನಮ್ಮ ಮಂಚ ದಾನ ಕೊಡ್ತೀನಿ ಅಂತ ಕೂಗಿದೆ. ಅವರು ಪಾಪ, "ಅಕ್ಕಾ, ನಮ್ಮ ಬಾಗಿಲಲ್ಲಿ ಹಿಡಿಸಲ್ಲ" ಅಂದರು. ಒಂದು ಚೀಟಿಯಲ್ಲಿ ಅಕ್ಷರಗಳನ್ನು ಆಕಾಶಕ್ಕೆ ಏರಿಸಿ ಬರೆದು ಇವರ ಮುಂದಿಟ್ಟೆ. ಸ್ವಲ್ಪ ಜಾಸ್ತಿಯೇ ಆಯಿತು, ಸಣ್ಣ ಮಗುವಿಗೂ ಬೂಟಾಟಿಕೆ ಅಂತ ತಿಳಿಯೋ ಹಾಗಿತ್ತು. ಇವರಿಗೆ ತಿಳಿಯಲಿಲ್ಲ. ನನ್ನ ಕೈಬರಹವನ್ನು ನನಗಿಂತ ಚೆನ್ನಾಗಿ ಬಲ್ಲವರು, ಚೀಟಿ ನೋಡಿ ತಲೆಯಾಡಿಸಿ, "ಹೋಗೋಣ, ಡಾಕ್ಟರ ಹತ್ತಿರ ದಿನ ತಗೋತೀನಿ" ಅಂದರು. ನನಗೆ ನಿಜವಾಗಿ ಭಯವಾದದ್ದು ಆಗ.

ಅವತ್ತಿಂದ ಸಾರುವೆ ಹತ್ತಿಲ್ಲ. ನನ್ನನ್ನು ಕಾಯುತ್ತಾ ಮನೆಯಲ್ಲೇ ಕೂತಿದ್ದಾರೆ. ನಾನು ದಿನಕ್ಕೆರಡು ಸಲ ಹಾಡುತ್ತೇನೆ. ಡಾಕ್ಟರು ಮುಂದಿನ ಮಂಗಳವಾರ ಬರಹೇಳಿದ್ದಾರೆ. ಹೆಸರು ನನ್ನದು. ಒಳಗೆ ಹೋದ ಮೇಲೆ ಏನು ಹೇಳಬೇಕೋ ನಾನು ಹೇಳುತ್ತೇನೆ. ಇವರು ಎದ್ದು ಹೊರಟುಬಿಟ್ಟರೆ ತಡೆಯಲು ನೀನು ಬೇಕು. ನಾನು ಡಾಕ್ಟರಲ್ಲ, ನನ್ನ ಊಹೆ ಸುಳ್ಳಾಗಲಿ. ಆಗ ಇಬ್ಬರೂ ಸೇರಿ ನನ್ನನ್ನು ಬೈಯಿರಿ.

ಬಾ.

ನಿನ್ನ ಹೆತ್ತವಳು


ಏಪ್ರಿಲ್ 24

ಅಮ್ಮಾ,

ಕಾಗದ ಕೈಸೇರಿದ ತಕ್ಷಣ ಫೋನು ಮಾಡಿದೆ. ಅಪ್ಪ ಎತ್ತಿದರು. "ನಿನ್ನ ಅಮ್ಮನಿಗೆ ಮತ್ತೆ ಶುರುವಾದ ಹಾಗಿದೆ, ಗಾಬರಿ ಬೇಡ, ನಾನಿದೀನಿ" ಅಂದರು. ಹಿಂದುಗಡೆ ನೀನು ಹಾಡುತ್ತಿದ್ದೆ. ನಿನ್ನ ಶ್ರುತಿ ಹಿಂದಿಗಿಂತ ಕೆಟ್ಟಿದೆ.

ನಾಳೆ ಹೊರಡುತ್ತೇನೆ. ಯಾಕೆ ಬಂದೆ ಎಂದರೆ ನಿನಗೋಸ್ಕರ ಅನ್ನುತ್ತೇನೆ.

ಅವರ ಕೊನೆಯ ಕಾಗದವನ್ನು ನಾನು ದೊಡ್ಡಕ್ಕನಿಗೆ ತೋರಿಸಿದ್ದೆ. ನೋಡಕ್ಕಾ, ಈ ವಯಸ್ಸಿನಲ್ಲೂ ಅಪ್ಪನ ಅಕ್ಷರ ಅಚ್ಚು ಹಾಕಿದ ಹಾಗಿದೆ ಎಂದು. ಅವಳು ಓದಿ, "ಅಕ್ಷರ ಇರಲಿ ಮಾರಾಯ್ತಿ, ಇದೇನು 'ನನ್ನ ಕೆಲಸ ಏನೂ ಇಲ್ಲ' ಅಂತ ಬರ್ದಿದಾರೆ?" ಅಂದಳು. ವಯಸ್ಸಾದವರು ಹಾಗೆಲ್ಲ ಬರೆಯುತ್ತಾರೆ ಎಂದೆ. ಅವಳು ಶೀಟಿನ ತನ್ನ ತುದಿ ಹಿಡಿದು ಕೊಡವಿದಳು.

ಈ ಕಾಗದಕ್ಕಿಂತ ನಾನೇ ಮೊದಲು ತಲುಪಬಹುದು. ಆದರೂ ಬರೆದೆ, ಕೈ ಸುಮ್ಮನಿರಲಿಲ್ಲ. ಅಲ್ಲಿಯ ತನಕ ಹಾಡುತ್ತಿರು.

ನಿನ್ನ ಮರಿ


ಮೇ 29

ಮಗಳೇ,

ನೀನು ಹೋದ ಮೇಲೆ ಇದು ಮೊದಲ ಕಾಗದ. ಒಂದೇ ಸಲ ಕೂತು ಬರೆದದ್ದಲ್ಲ. ಸ್ವಲ್ಪ ಬರೆದು ಮಲಗುತ್ತೇನೆ, ಎದ್ದು ಮತ್ತೆ ಬರೆಯುತ್ತೇನೆ.

ಮಾತ್ರೆಗಳಿಂದ ಬಾಯಿ ಒಣಗುತ್ತದೆ. ನಿದ್ದೆ ಸ್ವಲ್ಪ ಬರುತ್ತಿದೆ. ಉಳಿದದ್ದಕ್ಕೆ ಇನ್ನೂ ಸಮಯ ಬೇಕಂತೆ. ನಿನ್ನ ಅಮ್ಮ ಮಾತ್ರೆ ಕೊಟ್ಟು, "ಆ ಅನ್ನಿ, ನಾಲಿಗೆ ಎತ್ತಿ" ಎಂದು ಬಾಯೊಳಗೆ ಇಣುಕುತ್ತಾಳೆ. ನಾನು ಅವಳಿಗೆ ಹೀಗೆ ಮಾಡುತ್ತಿದ್ದೆ. ಅವಳಿಗೆ ಇದರಲ್ಲಿ ಬಹಳ ಖುಷಿಯಿದೆ, ಮುಚ್ಚಿಡುವುದೂ ಇಲ್ಲ.

ಗೋಡೆಯ ಕೊನೆಯ ಎರಡು ಅಕ್ಷರಗಳನ್ನು ಬೇರೊಬ್ಬ ಪೇಂಟರ್ ಬರೆದ. ಹೋಗಿ ನೋಡಿ ಬಂದೆವು, ರಸ್ತೆಯ ಈಚೆ ನಿಂತು. ಎರಡು ಅಕ್ಷರಗಳ ನಡುವೆ ಎಮ್ಮೆ ನುಗ್ಗುವಷ್ಟು ಜಾಗ ಬಿಟ್ಟಿದ್ದಾನೆ. ನನಗೆ ಕೆಟ್ಟ ಸಿಟ್ಟು ಬಂತು. ಇದನ್ನು ಹೇಳಿದಾಗ ಡಾಕ್ಟರು, "ಸಿಟ್ಟು ಬಂತಾ? ಒಳ್ಳೇದು" ಎಂದು ಬರೆದುಕೊಂಡರು. ಸಿಟ್ಟಿಗೆ ಇಷ್ಟು ಮರ್ಯಾದೆ ನಾನು ಎಲ್ಲೂ ನೋಡಿಲ್ಲ. ಸದ್ಯಕ್ಕೆ ನೆಲದ ಮೇಲೆ ನಿಂತು ಬರೆಯುವ ಸಣ್ಣ ಬೋರ್ಡುಗಳನ್ನು ಮಾತ್ರ ಒಪ್ಪಿಕೊಳ್ಳಬೇಕೆಂದಿದ್ದಾರೆ. ಇನ್ನೂ ಒಂದನ್ನೂ ಮುಗಿಸಿಲ್ಲ.

ಡಾಕ್ಟರ ಹತ್ತಿರ ಹೋದ ಆ ದಿನದ ವಿಷಯ. ನಿನ್ನ ಅಮ್ಮ ಒಳಗೆ ಕೂತ ತಕ್ಷಣ ಹಾಡು ನಿಲ್ಲಿಸಿ, "ನನಗಲ್ಲ ಡಾಕ್ಟ್ರೇ, ಇವರಿಗೆ" ಅಂದದ್ದು, ನಾನು ಎದ್ದು ನಿಂತದ್ದು, ನೀನು ಬಾಗಿಲಿಗೆ ಅಡ್ಡ ನಿಂತದ್ದು, ಇಷ್ಟು ನಿನಗೆ ಗೊತ್ತು. ಡಾಕ್ಟರು ನನ್ನನ್ನು ಕೇಳಿದ ಮೊದಲ ನಾಲ್ಕು ಪ್ರಶ್ನೆಗಳಿಗೂ ಅವಳೇ ಉತ್ತರ ಕೊಟ್ಟಳು. "ನಿದ್ದೆ ಇಲ್ಲ, ಊಟ ಇಲ್ಲ, ಮಾತಿಲ್ಲ." ಎಲ್ಲ ಸರಿಯಾಗಿಯೇ ಇತ್ತು. ಆದರೂ ನನ್ನ ಬಗ್ಗೆ ಯಾರೋ ಪಕ್ಕದಲ್ಲಿ ಕೂತು ಮಾತಾಡುವುದು ಹೇಗಿರುತ್ತದೆಂದು ಅವತ್ತು ತಿಳಿಯಿತು. ಆಮೇಲೆ ಡಾಕ್ಟರು ನಿಮ್ಮಿಬ್ಬರನ್ನೂ ಹೊರಗೆ ಕೂರಲು ಹೇಳಿದರು. ಅಮ್ಮನ ಜೊತೆ ಹೋದಾಗ ನನಗೆ ಯಾವತ್ತೂ ಯಾರೂ ಹೊರಗೆ ಕೂರಲು ಹೇಳಿರಲಿಲ್ಲ.

ನಾವಿಬ್ಬರೇ ಉಳಿದೆವು. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಿದರು. ಯಾವುದರ ಬಗ್ಗೆ ದುಃಖ? ಯೋಚಿಸಿದೆ. ಏನೂ ಸಿಗಲಿಲ್ಲ. ಮಗಳು ಸರಿಯಾಗಿದ್ದಾಳೆ, ಹೆಂಡತಿ ಸರಿಯಾಗಿದ್ದಾಳೆ, ಕೆಲಸವಿದೆ ಎಂದೆ. ನೀನು ಅತ್ತೆಯಲ್ಲ, ನಿನಗೆ ಒಬ್ಬ ಮನುಷ್ಯನಿದ್ದ, ಅವನು ಹೋದ. ನನಗೆ ಯಾರೂ ಹೋಗಿರಲಿಲ್ಲ. ಎಲ್ಲರೂ ಇದ್ದರು, ಗಾಜಿನ ಆಚೆ. ಕಾರಣ ಇರಲೇಬೇಕೆಂದೇನಿಲ್ಲ, ಇದ್ದರೂ ಇರಬಹುದು, ನಿಧಾನವಾಗಿ ನೋಡೋಣ ಅಂದರು.

ನಂತರ ಇನ್ನೊಂದು ಕೇಳಿದರು. ನಿನಗೂ ಕೇಳಿದ್ದರೆಂದು ಬರೆದಿದ್ದೆಯಲ್ಲ, ಅದೇ ಪ್ರಶ್ನೆ. ಸಾಯಬೇಕು ಅನ್ನಿಸಿದೆಯಾ ಎಂದು. ನಾನು ಹೌದು ಅಂದೆ.

ಹಿಂತಿರುಗುವಾಗ ಬಸ್ಸಿನಲ್ಲಿ ನೀನು ಕೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಅವಳು ಕಿಟಕಿಯ ಕಡೆಯ ಸೀಟನ್ನು ನನಗೆ ಕೊಡದೆ ತಾನು ಕೂತಳು. ಅವಳಿಗೆ ಗೊತ್ತಾಗಿರಬೇಕು. ನಿನ್ನೆ ಅವಳಿಗೆ ಬಾಯಿಬಿಟ್ಟು ಹೇಳಿದೆ. ಈಗ ನಿನಗೆ ಬರೆದಿದ್ದೇನೆ. ನಿನಗೆ ಗೊತ್ತಿಲ್ಲದೆ ಇರುವುದು ಬೇಡ ಅನ್ನಿಸಿತು.

ಆ ವ್ಯಾನಿನವನು ಎಂಥವನಾಗಿದ್ದ? ಬೇಕಾದರೆ ಬರಿ, ಬೇಡವಾದರೆ ಬೇಡ.

ಆ ಪ್ರಶ್ನೆಯನ್ನು ಡಾಕ್ಟರು ಪ್ರತಿ ಸಲವೂ ಕೇಳುತ್ತಾರಂತೆ. ಬರುವ ಮಂಗಳವಾರ ಮತ್ತೆ ಕೇಳುತ್ತಾರೆ. ಆ ದಿನ ಏನು ಹೇಳುತ್ತೇನೋ ನನಗೆ ಇನ್ನೂ ತಿಳಿಯದು. ಹೇಳುವುದಕ್ಕೆ ಹೋಗುತ್ತೇನೆ.

ಅಪ್ಪ